ಮುದುಡಿದ ಹವಳ – ಕಂತು ಏಳು: ಹಸಿರು ಕಿಲುಬು

ಹವಳದ ಡಾಕ್ಟರು ತೋಳು ಒರೆಸಿಕೊಳ್ಳುತ್ತಿದ್ದ ಟವೆಲ್ಲು ತನ್ನದು ಎಂಬುದನ್ನು ಪತ್ತೇದಾರ ನೆಲದ ಮೇಲೆ ಬೋರಲು ಬಿದ್ದುಕೊಂಡೇ ಗುರುತು ಹಿಡಿದ.

ನೀಲಿ ಅಂಚು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಸಂಶಯಕ್ಕೆ ಎಡೆಯೇ ಇಲ್ಲ. ಬೀರುವಿನಲ್ಲಿ ಇನ್ನೂ ಒಂದು ಡಜನ್ ಟವೆಲ್ಲುಗಳಿದ್ದವು. ಆದರೂ ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದನ್ನೇ ತೆಗೆದು, ನಾಲ್ಕು ಮಡಿಕೆ ಮಡಿಸಿ, ಜೀವಂತ ಹವಳ ಸಾಕಿದ್ದ ಗಾಜಿನ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟುಹೋಗಿದ್ದಳು. ಜೊತೆಗೆ ಡಾಕ್ಟರಿಗೊಂದು ಚೀಟಿ. ನೀರು ಎಷ್ಟು ಬೆಚ್ಚಗಿತ್ತು, ಉಪ್ಪು ಎಷ್ಟಿತ್ತು, ರಾತ್ರಿ ಹವಳ ಯಾವ ಕಡೆ ವಾಲಿತ್ತು ಎಂದೆಲ್ಲ ದುಂಡಗಿನ ಅಕ್ಷರದಲ್ಲಿ ಒಂಬತ್ತು ಸಾಲು. ಗಂಡನಿಗೆಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಇದ್ದದ್ದು ಎರಡೇ ಪದ: ‘ಹಾಲು. ಬಲ್ಬು.’

ಒಂಬತ್ತು ಸಾಲೆಲ್ಲಿ, ಎರಡು ಪದವೆಲ್ಲಿ. ಅವನ ಹೊಟ್ಟೆಯೊಳಗೆ ಬೆಳಗಿನಿಂದಲೇ ಕಿಚ್ಚು ಹತ್ತಿಕೊಂಡಿತ್ತು.

ಹವಳ ಮುದುಡಿಕೊಂಡು ಅಂದಿಗೆ ಹತ್ತೊಂಬತ್ತನೆಯ ದಿನ. ಇದು ಯಾರ ಕೈವಾಡವೆಂದು ಪತ್ತೆ ಮಾಡಿ ಎಂದು ಹೆಂಡತಿಯೇ ಗಂಡನಿಗೆ ಒಪ್ಪಿಸಿದ್ದ ಕೇಸು ಅದು.

ನಾಲ್ಕು ವರ್ಷದ ಹಿಂದೆ ಹೆಬ್ಬೆರಳ ಗಾತ್ರದ ತುಂಡಾಗಿ ಮನೆಗೆ ಬಂದ ಮೆದು ಹವಳ ಊಟದ ತಟ್ಟೆಯಷ್ಟಗಲ ಬೆಳೆದಿತ್ತು. ದಪ್ಪನೆಯ ಕಾಂಡ, ಅದರ ಮೇಲೆ ಅಣಬೆಯಂಥ ತಲೆ, ತಲೆಯ ತುಂಬ ನೂರಾರು ಎಳೆಬೆರಳುಗಳು. ಹೆಂಡತಿ ಕನ್ನಡಕದಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷಿಸಿ ಮನೆಗೆ ಬಂದರೆ ಚಪ್ಪಲಿ ಬಿಟ್ಟು ನೇರ ಹೋಗುತ್ತಿದ್ದದ್ದು ಅದರ ಮುಂದಕ್ಕೆ. ನೀರಿನ ಓಟಕ್ಕೆ ಆ ಬೆರಳುಗಳು ಓಲಾಡುವುದನ್ನು ಅರ್ಧ ಗಂಟೆ ನೋಡಿದ ಮೇಲೆಯೇ ಅವಳ ಮುಖ ಸಡಿಲವಾಗುತ್ತಿತ್ತು, ಗಂಡನ ಕಡೆ ತಿರುಗುತ್ತಿದ್ದದ್ದೂ ಆಮೇಲೆಯೇ. ಈಗ ಬೆರಳುಗಳೆಲ್ಲ ಒಳಗೆ ಸೇರಿಕೊಂಡಿದ್ದವು. ಮೈಮೇಲೆ ಮೇಣದಂಥ ಪೊರೆ ಕಟ್ಟಿ, ತಲೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು.

“ಅಳಿಯಂದ್ರೆ, ನಿಮ್ಮ ಸವತಿ ಇವತ್ತೂ ಮುಖ ತೋರಿಸ್ಲಿಲ್ವಾ?” ಎಂದು ಅತ್ತೆ ಸೋಫಾದ ಮೇಲಿಂದಲೇ ಕೇಳಿದರು.

ಗಂಡಸಿಗೆ ಸವತಿ ಎಂಬುದು ಇರುವುದಿಲ್ಲವೆಂದು ಅವನು ಹಿಂದೊಮ್ಮೆ ತಿದ್ದಲು ಹೋಗಿದ್ದ. ನಿಮಗೆ ಇದೆಯಲ್ಲ ಎಂದು ಅತ್ತೆ ಒಂದೇ ಏಟಿಗೆ ಬಾಯಿ ಮುಚ್ಚಿಸಿದ್ದರು. ಅಂದಿನಿಂದ ಮನೆಯಲ್ಲಿ ಹವಳಕ್ಕೆ ಅದೇ ಹೆಸರು ನಿಂತುಹೋಗಿತ್ತು.

ಅವನ ಟಿಪ್ಪಣಿ ಪುಸ್ತಕದಲ್ಲಿ ಆರೋಪಿಗಳ ಪಟ್ಟಿ ಚಿಕ್ಕದು. ಮೊದಲ ಸಾಲಿನಲ್ಲಿ ಅತ್ತೆ. ಅವರಿಗೆ ಮೀನಿನ ವಾಸನೆಯೆಂದರೆ ಆಗದು, ಕೋಣೆಗೆಲ್ಲ ಸುಗಂಧದ ಸ್ಪ್ರೇ ಹೊಡೆಯುವ ಚಟ ಬೇರೆ. ಆದರೆ ಅತ್ತೆಯ ಸ್ಪ್ರೇ ಡಬ್ಬಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಹೊಸದು ತಂದುಕೊಡಿ ಎಂದು ಅವರು ಅಳಿಯನಿಗೇ ಹೇಳಿದ್ದರು, ಅಳಿಯನೇ ಮರೆತಿದ್ದ. ಹೀಗೆ ಅತ್ತೆ ಕೇಸಿನಿಂದ ಪಾರಾದರು, ಅಳಿಯ ಬೈಗುಳ ತಿಂದ.

ಎರಡನೆಯ ಸಾಲಿನಲ್ಲಿ ಡಾಕ್ಟರು. ಈ ಸಾಲಿನ ಕೆಳಗೆ ಪತ್ತೇದಾರ ಎರಡು ಗೆರೆ ಎಳೆದಿದ್ದ. ಆ ಮನುಷ್ಯ ನಿಜವಾದ ಡಾಕ್ಟರೇನಲ್ಲ. ಎರಡು ಬೀದಿ ಆಚೆ ಕಡಲ ಮೀನು, ಹವಳಗಳ ಅಂಗಡಿ ಇಟ್ಟವನು. ಒಂಟಿ ಜೀವ, ನಿಧಾನದ ಮಾತು, ಉದ್ದ ಬೆರಳು, ಕೆನ್ನೆಯ ಪಕ್ಕದಲ್ಲಿ ಒಪ್ಪವಾಗಿ ನರೆತ ಕೂದಲು. ತನ್ನ ತಲೆಯಲ್ಲಿ ಕಂಡಕಂಡ ಕಡೆಯೆಲ್ಲ ಎದ್ದಿರುವ ನರೆ ಇವನಿಗೆ ಮಾತ್ರ ಹೀಗೆ ಅಂದವಾಗಿ ಏಕೆ ಬಂದಿದೆ ಎಂದು ಪತ್ತೇದಾರ ಅನೇಕ ಸಲ ತಲೆ ಕೆಡಿಸಿಕೊಂಡಿದ್ದ. ಹವಳ ಚೆನ್ನಾಗಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದವನು ಈಗ ದಿನವೂ ಬರುತ್ತಿದ್ದ. ಹವಳ ಮಲಗಿದರೆ ಯಾರಿಗೆ ಲಾಭ ಎಂದು ಕೇಳಿಕೊಂಡರೆ ಉತ್ತರ ತಾನೇ ನಡೆದು ಬಂದು ಬಾಗಿಲ ಗಂಟೆ ಒತ್ತುತ್ತಿತ್ತು.

ಮೂರನೆಯ ಸಾಲು ಖಾಲಿ.

ಸುಳಿವು ಹುಡುಕಲೆಂದು ನೆಲದ ಮೇಲೆ ಮಲಗಿದ್ದೇನೆ ಎಂದು ಪತ್ತೇದಾರ ಡಾಕ್ಟರಿಗೆ ಹೇಳಿದ್ದ. ಅದು ಅರ್ಧ ಸುಳ್ಳು. ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಇನ್ನೊಂದು ಚಿಕ್ಕ ತೊಟ್ಟಿಯಿತ್ತು. ಮೇಲಿನ ನೀರು ಕೊಳವೆಯಲ್ಲಿ ಅದಕ್ಕಿಳಿದು, ಅಲ್ಲಿ ಸೋಸಿಕೊಂಡು, ಪಂಪಿನ ಮೂಲಕ ಮತ್ತೆ ಮೇಲೇರುತ್ತಿತ್ತು. ಆ ಕಪಾಟಿನ ಹಿಂಬದಿಯ ಹಲಗೆಗೆ ಐದು ವಾರದ ಹಿಂದೆ ಅವನು ಬೆಂಕಿಪೊಟ್ಟಣದಷ್ಟು ಚಿಕ್ಕ ರೆಕಾರ್ಡರ್ ಒಂದನ್ನು ಅಂಟಿಸಿದ್ದ. ತನ್ನ ಹೆಂಡತಿ ಮತ್ತು ಡಾಕ್ಟರು ತೊಟ್ಟಿಯ ಮುಂದೆ ಕೂತು ಅಷ್ಟು ಹೊತ್ತು ಏನು ಮಾತಾಡುತ್ತಾರೆಂದು ಕೇಳಲು.

ಇಪ್ಪತ್ತೆರಡು ವರ್ಷದಿಂದ ಅವನ ಕಸುಬೇ ಅದು. ಊರಿನ ಗಂಡಂದಿರು ಹೆಂಡತಿಯರ ಮೇಲೆ, ಹೆಂಡತಿಯರು ಗಂಡಂದಿರ ಮೇಲೆ ಕಣ್ಣಿಡಲು ಅವನನ್ನು ನೇಮಿಸುತ್ತಿದ್ದರು. ಅಸೂಯೆಪಟ್ಟವರ ಮಾತನ್ನು ಅರ್ಧ ಮಾತ್ರ ನಂಬಬೇಕು ಎನ್ನುವುದು ಅವನು ಕಸುಬಿನಲ್ಲಿ ಕಲಿತ ಮೊದಲ ಪಾಠ. ತನ್ನ ಮನೆಯ ಬಾಗಿಲು ದಾಟುತ್ತಿದ್ದಂತೆ ಅವನಿಗೆ ಆ ಪಾಠ ಮರೆತೇಹೋಗಿತ್ತು.

ಮದುವೆಗೆ ಮುಂಚೆ ಹೆಂಡತಿ ಒಂದೇ ಒಂದು ಷರತ್ತು ಹಾಕಿದ್ದಳು. “ನಿಮ್ಮ ಕಸುಬು ಬಾಗಿಲಾಚೆ ಇರಲಿ. ನನ್ನ ಮೇಲೆ ಕಣ್ಣಿಟ್ಟಿದ್ದು ಗೊತ್ತಾದ್ರೆ, ಆವತ್ತೇ ನಾನು ಹೊರಟೆ” ಎಂದಿದ್ದಳು. ಅವಳು ಹೇಳಿದ್ದನ್ನು ಮಾಡುವವಳು. ಹದಿನಾಲ್ಕು ವರ್ಷದಲ್ಲಿ ಅವನಿಗೆ ಅದರ ಬಗ್ಗೆ ಅನುಮಾನವೇನೂ ಉಳಿದಿರಲಿಲ್ಲ.

ಹಾಗಾಗಿ ಆ ಪೆಟ್ಟಿಗೆಯನ್ನು ಯಾರ ಕಣ್ಣಿಗೂ ಬೀಳದಂತೆ ತೆಗೆಯಬೇಕಿತ್ತು. ಹವಳಕ್ಕೆ ಕಾಯಿಲೆ ಬಂದಂದಿನಿಂದ ತೊಟ್ಟಿಯ ಮುಂದೆ ಸದಾ ಯಾರಾದರೂ ಒಬ್ಬರು. ಹೆಂಡತಿ ಇಲ್ಲದಿದ್ದರೆ ಡಾಕ್ಟರು, ಡಾಕ್ಟರಿಲ್ಲದಿದ್ದರೆ ಅತ್ತೆ.

“ಮೀನುಗಳನ್ನ ನೋಡಿ” ಎಂದರು ಡಾಕ್ಟರು ಇದ್ದಕ್ಕಿದ್ದಂತೆ. “ಆರಾಮಾಗಿ ಓಡಾಡ್ತಿವೆ. ಬಸವನಹುಳ ಐದಿದ್ದವು, ಈಗ ಬದುಕಿರೋದು ಒಂದು.”

ಅದರಲ್ಲೇನು ವಿಶೇಷ ಎಂದು ಪತ್ತೇದಾರ ಏಳುತ್ತ ಕೇಳಿದ. ಉಪ್ಪು ಹೆಚ್ಚುಕಡಿಮೆಯಾಗಿದ್ದರೆ, ನೀರು ಬಿಸಿಯಾಗಿದ್ದರೆ ಮೀನಿಗೂ ತಟ್ಟುತ್ತಿತ್ತು ಎಂದರು ಡಾಕ್ಟರು. ಮೀನನ್ನು ಬಿಟ್ಟು ಹುಳವನ್ನೂ ಹವಳವನ್ನೂ ಹಿಡಿದಿದೆಯೆಂದರೆ ನೀರಿಗೆ ಯಾವುದೋ ಲೋಹ ಇಳಿದಿರಬೇಕು. ಬಹುಮಟ್ಟಿಗೆ ತಾಮ್ರ.

ಪತ್ತೇದಾರನ ಕಿವಿ ನೆಟ್ಟಗಾಯಿತು. ಇದಪ್ಪಾ ಸುಳಿವೆಂದರೆ. ಮೆಚ್ಚುಗೆ ಬಾಯಿತುದಿಯವರೆಗೂ ಬಂದಿತ್ತು, ಅದನ್ನು ಹಾಗೇ ಒಳಗೆ ನುಂಗಿಕೊಂಡ.

ಡಾಕ್ಟರು ಒಂದು ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ತುಂಬಿ, ಪುಟ್ಟ ಸೀಸೆಯಿಂದ ಏಳು ಹನಿ ಬಿಟ್ಟು, ಅಲ್ಲಾಡಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಐದು ನಿಮಿಷ ಕಾಯಬೇಕಿತ್ತು. ಇಬ್ಬರು ಗಂಡಸರೂ ಅಕ್ಕಪಕ್ಕ ಬಗ್ಗಿ ಆ ನಳಿಕೆಯನ್ನೇ ದಿಟ್ಟಿಸಿದರು. ಡಾಕ್ಟರ ಹೆಗಲ ಮೇಲಿದ್ದ ಟವೆಲ್ಲಿನಿಂದ ಮನೆಯ ಸೋಪಿನ ವಾಸನೆ ಬರುತ್ತಿತ್ತು. ಪತ್ತೇದಾರ ಹಲ್ಲು ಕಚ್ಚಿಕೊಂಡ.

ನೀರು ಮೆಲ್ಲಗೆ ತಿಳಿನೀಲಿಗೆ ತಿರುಗಿತು.

“ತಾಮ್ರವೇ” ಎಂದರು ಡಾಕ್ಟರು. “ಇದು ಈ ನೀರಿಗೆ ತಾನಾಗಿ ಬರೋದಿಲ್ಲ. ಯಾರೋ ತಂದಿದ್ದಾರೆ.”

ಹಾಗೆಂದವರು ಪತ್ತೇದಾರನ ಮುಖವನ್ನು ಒಂದು ಗಳಿಗೆ ನೋಡಿದರು. ತಾಮ್ರ ಹೀರುವ ಪೊಟ್ಟಣ ಗಾಡಿಯಲ್ಲಿದೆ, ಗಾಡಿ ಬೀದಿಯ ಕೊನೆಗೆ ನಿಲ್ಲಿಸಿದ್ದೇನೆ, ಹೋಗಿಬರಲು ಹತ್ತು ನಿಮಿಷವಾದೀತು ಎಂದರು. ಹೋಗುವಾಗ ಅತ್ತೆಯನ್ನೂ ಮಾತಿಗೆಳೆದು ಜೊತೆಗೆ ಕರೆದುಕೊಂಡು ಹೋದರು; ಅವರಿಗೆ ತೋರಿಸಬೇಕಾದ ಯಾವುದೋ ಹೂಕುಂಡ ಗಾಡಿಯಲ್ಲಿದೆಯಂತೆ. ಅತ್ತೆ ಖುಷಿಯಾಗಿ ಎದ್ದು ಹೊರಟರು. ಅತ್ತೆಯೂ ಆ ಪಕ್ಷ ಸೇರಿಯಾಯಿತು ಎಂದುಕೊಂಡ ಪತ್ತೇದಾರ.

ಬಾಗಿಲು ಮುಚ್ಚಿದ ಸದ್ದು ಕೇಳಿದ್ದೇ ಅವನ ತಲೆ ಚುರುಕಾಯಿತು. ತೊಟ್ಟಿಗೆ ದಿನವೂ ಏನಾದರೂ ತಂದು ಹಾಕುವವರು ಯಾರು? ಡಾಕ್ಟರು. ತಾಮ್ರವಿದೆ ಎಂದು ಇಷ್ಟು ಸುಲಭವಾಗಿ ಹೇಳಿದವರು ಯಾರು? ಅದೂ ಡಾಕ್ಟರೇ. ಇನ್ನು ರೆಕಾರ್ಡರಿನಲ್ಲಿ ಒಂದು ಮಾತು ಸಿಕ್ಕಿಬಿಟ್ಟರೆ ಮನುಷ್ಯ ಬೋನಿಗೆ ಬಿದ್ದಂತೆ. ಅವನು ಮತ್ತೆ ಬೋರಲು ಬಿದ್ದು, ಪಂಪಿನ ಹಿಂದಕ್ಕೆ ತೋಳು ತೂರಿಸಿ, ಹಲಗೆಯನ್ನು ತಡವಿದ.

ಪೆಟ್ಟಿಗೆ ಹಲಗೆಯ ಮೇಲಿರಲಿಲ್ಲ.

ಟಾರ್ಚು ಬಿಟ್ಟು ನೋಡಿದ. ಕಪಾಟಿನ ತೇವಕ್ಕೆ ಟೇಪಿನ ಅಂಟು ಬಿಟ್ಟುಹೋಗಿ, ಪೆಟ್ಟಿಗೆ ಒಂದೇ ಮೂಲೆಯಿಂದ ನೇತಾಡುತ್ತಿತ್ತು. ಅದರ ಮೈಕನ್ನು ಮೇಲಿನ ತೊಟ್ಟಿಯ ಅಂಚಿನವರೆಗೆ ಒಯ್ಯಲೆಂದು ಅವನೇ ಬೆಸೆದ ತಂತಿ ಕೆಳಗೆ ಜಾರಿ, ಸುರುಳಿ ಸುತ್ತಿಕೊಂಡು ಚಿಕ್ಕ ತೊಟ್ಟಿಯ ನೀರಿನಲ್ಲಿ ಮುಳುಗಿತ್ತು.

ತಾಮ್ರದ ತಂತಿ. ಪ್ಲಾಸ್ಟಿಕ್ ಸಿಪ್ಪೆ ಇದ್ದರೆ ದಪ್ಪ ಕಾಣುತ್ತದೆ, ಹೆಂಡತಿಯ ಕಣ್ಣು ಬಲು ಚುರುಕು ಎಂದು ಅವನು ಆ ಸಿಪ್ಪೆಯನ್ನು ಒಂದು ಸಂಜೆಯೆಲ್ಲ ಕೂತು ನಾಜೂಕಾಗಿ ಸುಲಿದಿದ್ದ. ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡೂ ಇದ್ದ. ಈಗ ಆ ಬರಿಯ ತಂತಿಯ ಮೈತುಂಬ ಹಸಿರು ಕಿಲುಬು ಹಿಡಿದಿತ್ತು. ಬೆರಳಿಗೆ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು.

ಟಿಪ್ಪಣಿ ಪುಸ್ತಕದ ಮೂರನೆಯ ಸಾಲಿನಲ್ಲಿ ಯಾರ ಹೆಸರು ಬರಬೇಕೆಂದು ಆ ಕ್ಷಣ ಗೊತ್ತಾಗಿಹೋಯಿತು. ಇಷ್ಟು ದಿನ ಹೆಂಡತಿಯ ಪ್ರಾಣದಂತಿದ್ದ ಹವಳಕ್ಕೆ ಹನಿಹನಿಯಾಗಿ ವಿಷವೂಡಿದವನು ತಾನೇ. ಅವಳು ಇದನ್ನು ಮಾಡಿದವನನ್ನು ಹಿಡಿದುಕೊಡಿ ಎಂದು ಕೇಳಿದ್ದೂ ತನ್ನನ್ನೇ.

ಪೆಟ್ಟಿಗೆಯನ್ನು ಕಿತ್ತು, ತಂತಿಯನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಒಳಜೇಬಿಗೆ ತುರುಕಿದ. ಡಾಕ್ಟರು ವಾಪಸು ಬಂದಾಗ ಅವನು ಕುರ್ಚಿಯ ಮೇಲೆ ಕೂತು ಪೇಪರು ಓದುತ್ತಿದ್ದ. ಪೇಪರು ತಲೆಕೆಳಗಾಗಿದ್ದದ್ದು ಅತ್ತೆಯ ಕಣ್ಣಿಗೆ ಬಿತ್ತು. ಡಾಕ್ಟರು ಪೊಟ್ಟಣ ಹಿಡಿದು ನೇರ ತೊಟ್ಟಿಯ ಕಡೆ ನಡೆದರು.

ಆ ದಿನದಿಂದ ಪೂರಾ ಉಪಚಾರ ಶುರುವಾಯಿತು. ನೀರು ರಭಸವಾಗಿ ಹರಿಯುವ ಜಾಗದಲ್ಲಿ ಇದ್ದಿಲಿನ ದೊಡ್ಡ ಚೀಲ, ಅದರ ಪಕ್ಕದಲ್ಲಿ ತಾಮ್ರ ಹೀರುವ ಪೊಟ್ಟಣ. ದಿನ ಬಿಟ್ಟು ದಿನ ಹತ್ತರಲ್ಲಿ ಒಂದು ಪಾಲು ನೀರು ತೆಗೆದು ಹೊಸದು ತುಂಬುವುದು. ಹೊಸ ನೀರಿನ ಉಪ್ಪೂ ಬಿಸಿಯೂ ಹಳೆಯದಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು. ದೀಪ ಅರ್ಧ ದಿನ ಮಾತ್ರ. ಬಕೆಟ್ಟು ಹೊರುವ ಕೆಲಸವನ್ನು ಪತ್ತೇದಾರ ಯಾರೂ ಹೇಳದೆ ತಾನೇ ವಹಿಸಿಕೊಂಡ. ಅಳಿಯಂದಿರಿಗೆ ಇದ್ದಕ್ಕಿದ್ದಂತೆ ಸವತಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆಯಲ್ಲ ಎಂದು ಅತ್ತೆ ಆಶ್ಚರ್ಯಪಟ್ಟರು.

“ಯಾರೂ ಮುಟ್ಟಬೇಡಿ, ಜಾಗ ಬದಲಾಯಿಸಬೇಡಿ” ಎಂದು ಡಾಕ್ಟರು ಮನೆಯವರಿಗೆಲ್ಲ ಹೇಳಿದರು. “ಈಗ ಅದಕ್ಕೆ ಬೇಕಾಗಿರೋದು ಒಳ್ಳೆ ನೀರು. ಆಮೇಲೆ ನಾವು ಕಿರಿಕಿರಿ ಮಾಡದೆ ಸುಮ್ಮನಿರೋದು.”

ಡಾಕ್ಟರು ದಿನಕ್ಕೊಮ್ಮೆ ರಬ್ಬರ್ ಬುಡ್ಡೆಯ ಉದ್ದ ನಳಿಕೆಯಿಂದ ಹವಳದ ತಲೆಯ ಮೇಲೆ ಮೆಲ್ಲಗೆ ನೀರು ಊದುತ್ತಿದ್ದರು, ಮೇಣದ ಪೊರೆ ಸಡಿಲವಾಗಲೆಂದು. ಹೆಂಡತಿ ಪಕ್ಕದಲ್ಲಿ ನಿಂತು ಟಾರ್ಚು ಹಿಡಿಯುತ್ತಿದ್ದಳು. ಎರಡು ತಲೆಗಳೂ ಗಾಜಿಗೆ ತೀರ ಹತ್ತಿರ, ಒಂದಕ್ಕೊಂದು ಇನ್ನೂ ಹತ್ತಿರ. ಪತ್ತೇದಾರ ಬಕೆಟ್ಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಅಂತರವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಒಂದು ಗೇಣು. ಆಮೇಲೆ ಮುಕ್ಕಾಲು ಗೇಣು.

ಜೇಬಿನಲ್ಲಿದ್ದ ರೆಕಾರ್ಡರನ್ನು ಅವನು ಕಚೇರಿಯಲ್ಲಿ ಬಿಚ್ಚಿ ನೋಡಿದ್ದ. ಉಪ್ಪು ಒಳಗೆಲ್ಲ ನುಗ್ಗಿ ಅದರ ಬಾಯಿ ಕಟ್ಟಿತ್ತು. ಒಂದು ಪದವೂ ಕೇಳಲಿಲ್ಲ. ಇಷ್ಟೆಲ್ಲ ಅನಾಹುತ ಮಾಡಿಕೊಂಡೂ ಅವರಿಬ್ಬರು ಏನು ಮಾತಾಡಿದ್ದರೆಂಬುದು ಗೊತ್ತಾಗದೇ ಹೋಯಿತಲ್ಲ ಎಂದು ಅವನಿಗೆ ಆ ಗಳಿಗೆಯಲ್ಲೂ ಹೊಟ್ಟೆ ಉರಿಯಿತು.

ಐದನೆಯ ದಿನ ಪೊರೆ ಒಂದು ಅಂಚಿನಿಂದ ಎದ್ದು, ಈರುಳ್ಳಿಯ ಸಿಪ್ಪೆಯಂತೆ ಬಿಚ್ಚಿಕೊಂಡು ನೀರಿನಲ್ಲಿ ತೇಲಿಹೋಯಿತು. ಆರನೆಯ ದಿನ ಸಂಜೆ ಅಂಚಿನಲ್ಲಿ ನಾಲ್ಕು ಎಳೆಬೆರಳು ಹೊರಬಂದವು. ಹೆಂಡತಿ ಮೊದಲು ನಂಬಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ನಾಲ್ಕಲ್ಲ, ಆರು. ಅವಳು ಡಾಕ್ಟರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಎಲ್ಲ ನಿಮ್ಮ ಕೈಗುಣ” ಎಂದಳು.

ಬಕೆಟ್ಟಿನ ಹಿಡಿ ಪತ್ತೇದಾರನ ಅಂಗೈಯನ್ನು ಕೊರೆಯುತ್ತಿತ್ತು. ಹವಳವನ್ನು ಉಳಿಸಿದ್ದು ನಾನು, ವಿಷವನ್ನು ಹೊರಗೆಳೆದದ್ದು ಈ ಕೈ ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದರೆ ಹಾಕಿದ್ದೂ ಇದೇ ಕೈ ಎಂದು ಹೇಳಬೇಕಾಗುತ್ತಿತ್ತು. ಹವಳ ಗುಣವಾಗಲೆಂದು ಅವನೂ ಮನಸಾರೆ ಬಯಸಿದ್ದ, ಆ ಕೀರ್ತಿ ಆ ಮನುಷ್ಯನ ಮುಡಿಗೇರುವುದನ್ನು ಮಾತ್ರ ನೋಡಲಾರದೆ ಒಳಗೊಳಗೇ ಬೆಂದ.

ಆ ವಾರವೆಲ್ಲ ಊಟದ ಮೇಜಿನಲ್ಲಿ ಹೆಂಡತಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಕೇಸು ಎಲ್ಲಿಗೆ ಬಂತು?”

“ಒಂದು ಸುಳಿವು ಸಿಕ್ಕಿದೆ. ಇನ್ನೂ ಖಚಿತ ಆಗ್ಬೇಕು.”

“ಸರಿ” ಎಂದು ಅವಳು ತಟ್ಟೆಯ ಕಡೆ ನೋಡುತ್ತಿದ್ದಳು. ದಿನದಿನಕ್ಕೂ ಆ ‘ಸರಿ’ ಚಿಕ್ಕದಾಗುತ್ತ ಬಂದಿತ್ತು. ಅವನು ಅದನ್ನು ಗಮನಿಸಿದ್ದ. ಗಮನಿಸುವುದು ಅವನ ಕಸುಬು. ಬಾಯಿ ಬಿಡುವ ಧೈರ್ಯ ಮಾತ್ರ ಬರಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ, ಹೇಳದಿದ್ದರೆ ಆ ಮನುಷ್ಯ ಬರುತ್ತಲೇ ಇರುತ್ತಾನೆ. ಎರಡನೆಯದನ್ನಾದರೂ ನಿಲ್ಲಿಸೋಣವೆಂದು ಅವನು ಎಂಟನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಡಾಕ್ಟರ ಅಂಗಡಿಗೆ ಹೋದ.

ಉದ್ದನೆಯ ಕತ್ತಲು ಅಂಗಡಿ. ಎರಡೂ ಗೋಡೆಗೆ ಸಾಲು ತೊಟ್ಟಿಗಳು, ಅವುಗಳ ನೀಲಿ ಬೆಳಕು, ಎಲ್ಲ ಕಡೆಯಿಂದಲೂ ಪಂಪುಗಳ ಗುಂಯ್ ಸದ್ದು. ಕೊನೆಯಲ್ಲಿ ಹೊಸದಾಗಿ ಬಂದ ಜೀವಗಳನ್ನು ಬೇರೆಯಾಗಿಡುವ ಕೋಣೆ. ಅದರ ಬಾಗಿಲಿಗೆ ರಬ್ಬರಿನ ಅಗಲ ಪಟ್ಟಿಗಳ ಪರದೆ. ಡಾಕ್ಟರು ಪರದೆಯ ಮುಂದಿನ ಮೇಜಿನ ಬಳಿ ಕೂತು ಹವಳದ ಚಿಕ್ಕ ತುಂಡೊಂದನ್ನು ಕಲ್ಲಿನ ಬಿಲ್ಲೆಗೆ ಅಂಟಿಸುತ್ತಿದ್ದರು.

ಪತ್ತೇದಾರ ಕೂರಲಿಲ್ಲ.

“ನಾಳೆಯಿಂದ ನೀವು ಮನೆಗೆ ಬರೋದು ಬೇಡ.”

“ನೀವು ಹೇಳ್ತಿದ್ದೀರೋ, ಅವರು ಹೇಳಿ ಕಳಿಸಿದ್ರೋ?” ಡಾಕ್ಟರು ತಲೆ ಎತ್ತಲಿಲ್ಲ.

“ನಾನೇ ಹೇಳ್ತಿದ್ದೀನಿ. ವಾರಕ್ಕೊಂದು ಸಲ ಬರೋರು ದಿನಾ ಬರೋಕೆ ಶುರು ಮಾಡಿದ್ರಿ. ಯಾಕೆ?”

“ನಿಮ್ಮಿಂದ.”

ಅದನ್ನು ಅವರು ಕೋಪವಿಲ್ಲದೆ, ಅಂಟು ಒಣಗಿತೋ ಎಂದು ನೋಡುತ್ತ ಹೇಳಿದರು. ಆಮೇಲೆ ಕೈ ಒರೆಸಿಕೊಂಡು, ಕುರ್ಚಿಯನ್ನು ಅವನ ಕಡೆ ತಿರುಗಿಸಿದರು.

“ಕಪಾಟಿನ ಹಿಂದೆ ಒಂದು ಡಬ್ಬಿ ಇತ್ತು. ತಾಮ್ರದ ತಂತಿ ನೀರಲ್ಲಿತ್ತು. ಹವಳ ಮುದುಡಿದ ನಾಲ್ಕನೇ ದಿನವೇ ನನಗೆ ಗೊತ್ತು.”

ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಎಂದು ಪತ್ತೇದಾರ ಕೇಳಿದ.

“ನನ್ನ ಕಣ್ಣಿಗೆ ಬೀಳ್ಲಿಲ್ಲ. ನಿಮ್ಮ ಹೆಂಡತಿ ತೋರಿಸಿದ್ರು.”

ಪಂಪುಗಳ ಸದ್ದು ಒಮ್ಮೆಲೇ ಜೋರಾದಂತೆ ಅನಿಸಿತು.

ಡಾಕ್ಟರು ಮೆಲುದನಿಯಲ್ಲಿ ಎಲ್ಲವನ್ನೂ ಹೇಳಿದರು. ಹವಳಕ್ಕೆ ಏನಾಯಿತೆಂದು ಹುಡುಕುತ್ತ ಅವಳು ತಾನೇ ಕಪಾಟು ತೆರೆದು, ಟಾರ್ಚು ಬಿಟ್ಟು ನೋಡಿದ್ದಳು. ಅದು ಏನೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದನ್ನು ಈಗಲೇ ಕಿತ್ತು ಹಾಕೋಣವೆಂದು ಡಾಕ್ಟರು ಕೈಚಾಚಿದಾಗ ಅವಳು ತಡೆದಳಂತೆ.

“‘ಇಟ್ಟವರೇ ತೆಗೀಲಿ, ತೆಗೆದು ನನಗೆ ಹೇಳ್ಲಿ’ ಅಂದ್ರು. ಹವಳ ಸತ್ತುಹೋಗತ್ತೆ ಅಂದೆ. ‘ಗೊತ್ತು’ ಅಂದ್ರು. ಅಳ್ತಾ ಇದ್ರು. ‘ಹದಿನಾಲ್ಕು ವರ್ಷದಲ್ಲಿ ಒಂದು ದಿನ ನನ್ನನ್ನೇ ಕೇಳಬಹುದಿತ್ತು, ಡಬ್ಬಿನ ಕೇಳಿದ್ರಲ್ಲ’ ಅಂದ್ರು. ನಿಮಗೆ ಕೇಸು ಒಪ್ಪಿಸಿದ್ದು ಅದೇ ಸಂಜೆ.”

ಡಬ್ಬಿಯನ್ನು ಮುಟ್ಟುವಂತಿಲ್ಲ, ಹವಳವನ್ನು ಸಾಯಲು ಬಿಡುವಂತೆಯೂ ಇಲ್ಲ. ಆದ್ದರಿಂದ ಡಾಕ್ಟರು ದಿನವೂ ಬಂದು ಇದ್ದಿಲು ಬದಲಾಯಿಸಿ, ವಿಷವನ್ನು ಇಳಿದಷ್ಟೂ ಹೀರಿಸಿ, ಅದರ ಜೀವ ಹಿಡಿದಿಟ್ಟಿದ್ದರು. ಕೊನೆಗೆ ಇನ್ನು ಅದು ತಾಳಲಾರದು ಎನಿಸಿದ ದಿನ ಪತ್ತೇದಾರನ ಕಣ್ಣೆದುರೇ ತಾಮ್ರದ ಪರೀಕ್ಷೆ ಮಾಡಿ ತೋರಿಸಿ, ಅತ್ತೆಯನ್ನು ಕರೆದುಕೊಂಡು ಹತ್ತು ನಿಮಿಷ ಹೊರಗೆ ಹೋಗಿದ್ದರು.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ನಾಚಿಕೆಯಿಂದ ತಲೆ ತಗ್ಗಬೇಕು. ಪತ್ತೇದಾರನಿಗೆ ನಾಚಿಕೆಯೂ ಆಯಿತು. ಆದರೆ ಅದಕ್ಕಿಂತ ಮೊದಲು ಎದ್ದದ್ದು ಹಳೆಯ ಉರಿಯೇ. ತನ್ನೆದುರು ಕಣ್ಣೀರು ತೋರದವಳು ಈತನ ಮುಂದೆ ಅತ್ತಳೆ? ತನಗೆ ಹೇಳದ ಮಾತನ್ನು ಈತನಿಗೆ ಹೇಳಿದಳೆ?

“ಹೌದು, ಇಟ್ಟಿದ್ದು ನಾನೇ” ಎಂದ. ದನಿ ಅವನಿಗೇ ಅಪರಿಚಿತವಾಗಿತ್ತು. “ನಿಮ್ಮಿಬ್ಬರ ಮಾತು ಕೇಳೋಕೆ ಇಟ್ಟೆ. ಅವಳು ನಿಮ್ಮ ಜೊತೆ ನಗ್ತಾಳೆ, ಮನೆಯಲ್ಲಿ ನನ್ನ ಜೊತೆ ನಗಲ್ಲ. ಅದನ್ನ ನೋಡಿ ನೋಡಿ ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಹೊಟ್ಟೆಕಿಚ್ಚು, ಅಷ್ಟೇ. ಅವಳು ತಪ್ಪು ಮಾಡ್ತಾಳೆ ಅಂತ ನಾನು ಯಾವತ್ತೂ ನಂಬಿರ್ಲಿಲ್ಲ. ಆದ್ರೂ ಇಟ್ಟೆ.”

“ಇದನ್ನ ನನಗೆ ಹೇಳಿ ಏನು ಬಂತು?” ಎಂದರು ಡಾಕ್ಟರು. “ನೀವು ಡಬ್ಬಿ ತೆಗೆದಿದ್ದು ಅವರಿಗೆ ಅದೇ ದಿನ ಗೊತ್ತಾಯ್ತು. ಈಗ ಹೇಳ್ತಾರೆ, ಆಗ ಹೇಳ್ತಾರೆ ಅಂತ ಕಾದ್ರು. ಹವಳ ಪೂರ್ತಿ ಬಿಚ್ಚಿಕೊಳ್ಳೋವರೆಗೂ ಕಾಯ್ತೀನಿ ಅಂದಿದ್ರು. ಅದಾದ ಮೇಲೆ ಒಂದು ದಿನವೂ ಆ ಮನೇಲಿ ಇರಲ್ಲ ಅಂತಾನೂ ಅಂದಿದ್ರು.”

ಪತ್ತೇದಾರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪೂರ್ತಿ ಬಿಚ್ಚಿಕೊಂಡಿಲ್ಲ. ನಿನ್ನೆ ಸಂಜೆ ಅವನೇ ಕಣ್ಣಾರೆ ನೋಡಿದ್ದ, ನಡುವೆ ಬಟ್ಟಲಿನಷ್ಟಗಲ ಜಾಗ ಇನ್ನೂ ಬೋಳಾಗಿತ್ತು. ಅಂದರೆ ಹೊತ್ತು ಮೀರಿಲ್ಲ. ಈಗಲೇ ಅವಳ ಅಂಗಡಿಗೆ ಹೋಗುವುದು, ಗಿರಾಕಿಗಳಿದ್ದರೆ ಇರಲಿ, ಅವರೆದುರಿಗೇ ಕಾಲು ಹಿಡಿಯುವುದು. ಅವನು ಹೊರಡಲು ತಿರುಗಿದ.

“ಒಂದು ನಿಮಿಷ” ಎಂದು ಡಾಕ್ಟರು ತಮ್ಮ ಫೋನನ್ನು ಮೇಜಿನ ಮೇಲೆ ಅವನ ಕಡೆ ತಳ್ಳಿದರು.

ಫೋನಿನ ಪರದೆಯ ಮೇಲೊಂದು ಫೋಟೊ. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಹೆಂಡತಿ ಕಳಿಸಿದ್ದು. ಹವಳ ತಲೆ ನೆಟ್ಟಗೆ ಮಾಡಿಕೊಂಡು ನಿಂತಿತ್ತು. ಅಂಚಿನಿಂದ ನಡುವಿನವರೆಗೆ ಎಲ್ಲಿಯೂ ಒಂದು ಬೆರಳಗಲ ಬೋಳಿರಲಿಲ್ಲ. ಕೆಳಗೆ ಅವಳು ಬರೆದಿದ್ದಳು: ‘ನಡುವಿನದೂ ಬಿಚ್ಚಿತು.’

ಅವನು ತನ್ನ ಫೋನು ತೆಗೆದು ಅವಳ ನಂಬರು ಒತ್ತಿ ಕಿವಿಗಿಟ್ಟುಕೊಂಡ.

ಗಂಟೆ ಬಾರಿಸಿತು. ಬಾರಿಸಿದ್ದು ಅವನ ಕಿವಿಯಲ್ಲಷ್ಟೇ ಅಲ್ಲ. ಅಂಗಡಿಯ ಕೊನೆಯಲ್ಲಿ, ರಬ್ಬರಿನ ಪಟ್ಟಿಗಳ ಆಚೆ ಹವಳಗಳ ಕೋಣೆಯಲ್ಲಿ, ಅವಳ ಫೋನಿನ ಗಂಟೆ ಎರಡು ಸಲ ಬಾರಿಸಿ ನಿಂತಿತು. ಅವನ ಕಿವಿಯಲ್ಲಿ ಕರೆ ಕಡಿದುಹೋಯಿತು.

ಡಾಕ್ಟರು ಆ ಕಡೆ ತಿರುಗಿಯೂ ನೋಡಲಿಲ್ಲ.

ಪತ್ತೇದಾರ ಫೋನು ಕೆಳಗಿಳಿಸಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಅವನ ಬಾಯಿಂದ ಸತ್ಯ ಹೊರಬೀಳಲೆಂದು ಇವತ್ತೊಂದು ದಿನ ಬಂದು ಅಲ್ಲಿ ನಿಂತಿದ್ದಾಳೋ, ಇಲ್ಲ ಕನ್ನಡಕದಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ ದಿನವೂ ಅವಳು ಬಂದು ಕೂರುವ ಜಾಗವೇ ಅದೋ?

ರಬ್ಬರಿನ ಪಟ್ಟಿಗಳನ್ನು ಸರಿಸುತ್ತ ಮೊದಲು ಹೊರಬಂದದ್ದು ಒಂದು ಪ್ರಯಾಣದ ಚೀಲ.